ಸತ್ತವನ ಸಂಬಳ ಎಷ್ಟು?

ಕತೆಯಿರಲಿ, ಕವಿತೆಯಿರಲಿ, ಅದು ಯಾರ ಪರ ನಿಂತಿದೆ ಅಂತ ಕೇಳಿಯೇ ಓದುವುದು ನಮ್ಮ ಪದ್ಧತಿ. ಆದರೆ ನಮ್ಮ ಜನರ ಬದುಕನ್ನು ಕತೆ ಕವಿತೆಗಳಿಗಿಂತ ಹೆಚ್ಚು ಅಲುಗಾಡಿಸುವ ಬರಹ ಇನ್ನೊಂದಿದೆ. ಅದು ಕೋರ್ಟಿನ ತೀರ್ಪು. ಅದನ್ನು ಮಾತ್ರ ನಾವು ವಕೀಲರಿಗೆ ಬಿಟ್ಟು ಕೂತಿದ್ದೇವೆ. ತೀರ್ಪಿಗೂ ಒಂದು ಭಾಷೆ ಇದೆ, ಪಾತ್ರಗಳಿವೆ, ಬಾಯಿಬಿಡದೆ ನುಂಗಿಕೊಂಡ ಮಾತುಗಳಿವೆ. ಬೇರೆಯವರ ತಪ್ಪಿನಿಂದ ಮನೆಯವನನ್ನು ಕಳಕೊಂಡ ಹೆಂಡತಿ ಮಕ್ಕಳು ಪರಿಹಾರ ಕೇಳಿ ಹೋದಾಗ ಹುಟ್ಟುವ ತೀರ್ಪುಗಳನ್ನೂ ನಾವು ಅದೇ ಕಣ್ಣಿನಿಂದ ಓದಬೇಕಾಗಿದೆ.

ಕಡಬ ತಾಲೂಕಿನ ಪೆರಾಬೆಯನ್ನೇ ತಗೊಳ್ಳಿ. ಅಡಿಕೆ, ರಬ್ಬರು, ಬೀಡಿ, ಕೂಲಿ ಇವುಗಳ ನಡುವಿನ ಊರು. ಇಲ್ಲಿನ ಕಾಲನಿಯ 30 ವರ್ಷದ ಕೂಲಿಯಾಳೊಬ್ಬ ಲಾರಿಯಡಿ ಸಿಕ್ಕಿ ಸತ್ತ ಅಂತಿಟ್ಟುಕೊಳ್ಳೋಣ. ಮನೆಯಲ್ಲಿ ಹೆಂಡತಿ, ಎರಡು ಮಕ್ಕಳು, ಮುದಿ ತಾಯಿ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಇವರು ನಿಂತಾಗ ಎಲ್ಲ ಲೆಕ್ಕವೂ ಶುರುವಾಗುವುದು ಒಂದೇ ಪ್ರಶ್ನೆಯಿಂದ: ಸತ್ತವನ ಸಂಬಳ ಎಷ್ಟು?

ಕೂಲಿಯವನಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಆಗ ಅಂದಾಜು ಆದಾಯ ಹಿಡಿಯುತ್ತಾರೆ. ತಿಂಗಳಿಗೆ 10,000 ರೂಪಾಯಿ ಹಿಡಿದರು ಅನ್ನಿ. ವರ್ಷಕ್ಕೆ 1,20,000. ಸುಪ್ರೀಂ ಕೋರ್ಟು 2017ರಲ್ಲಿ ಪ್ರಣಯ್ ಸೇಠಿ ಮೊಕದ್ದಮೆಯಲ್ಲಿ ಹೇಳಿದಂತೆ, ಬದುಕಿದ್ದರೆ ಕಾಣಬಹುದಾಗಿದ್ದ ಏಳಿಗೆಗೆ ನೂರಕ್ಕೆ 40 ಸೇರಿಸಿದರೆ 1,68,000. 2009ರ ಸರಳಾ ವರ್ಮಾ ತೀರ್ಪಿನಂತೆ ಸತ್ತವನ ಸ್ವಂತ ಖರ್ಚಿಗೆ ಕಾಲು ಭಾಗ ಕಳೆದರೆ 1,26,000. ಅದೇ ತೀರ್ಪಿನ ಪ್ರಕಾರ 30ರ ಪ್ರಾಯಕ್ಕೆ ಗುಣಕ 17. ಗುಣಿಸಿದರೆ 21,42,000.

ಈಗ ಅದೇ ಲಾರಿಗೆ ಅದೇ ಪ್ರಾಯದ, ಅಷ್ಟೇ ಮಂದಿ ಮನೆಯವರಿರುವ, ತಿಂಗಳಿಗೆ ಲಕ್ಷ ರೂಪಾಯಿಯ ಕಾಯಂ ನೌಕರ ಬಲಿಯಾದ ಅನ್ನಿ. ಅವನ ಏಳಿಗೆಗೆ ಸೇರುವುದು ನೂರಕ್ಕೆ 50. ತೆರಿಗೆ ಲೆಕ್ಕ ಬಿಟ್ಟರೆ ಮೊತ್ತ 2,29,50,000. ಸಂಬಳದಲ್ಲಿ 10 ಪಟ್ಟು ಇದ್ದ ಅಂತರ ಸಾವಿನಲ್ಲಿ ಅದಕ್ಕಿಂತ ದೊಡ್ಡದಾಯಿತು. ಕೂಲಿಯವನಿಗೆ ಏಳಿಗೆಯೂ ಒಂದು ತೂಕ ಕಡಿಮೆಯೇ!

ಹೆಂಗಸರ ಗತಿ ಇನ್ನೂ ಕಷ್ಟ. ಮೋಟಾರು ವಾಹನ ಕಾಯಿದೆಗೆ 1994ರಲ್ಲಿ ಸೇರಿಸಿದ ಎರಡನೇ ಷೆಡ್ಯೂಲು, ದುಡಿದು ತಾರದ ಹೆಂಡತಿಯ ಆದಾಯವನ್ನು ಗಂಡನ ಆದಾಯದ ಮೂರನೇ ಒಂದು ಭಾಗ ಅಂತ ಬರೆಯಿತು. ಗಂಡ ಕೂಲಿ, ಹೆಂಡತಿ ಕೂಲಿಯ ಮೂರನೇ ಒಂದು. ಮನೆಗೆಲಸವೂ ದುಡಿಮೆಯೇ, ಅದಕ್ಕೂ ಬೆಲೆ ಕಟ್ಟಬೇಕು ಅಂತ ಸುಪ್ರೀಂ ಕೋರ್ಟು 2021ರಲ್ಲಿ ಮತ್ತೆ ಹೇಳಬೇಕಾಯಿತು.

“ಕುಟುಂಬ ಕಳಕೊಂಡದ್ದನ್ನು ಕೋರ್ಟು ತುಂಬಿಕೊಡುತ್ತದೆ ಅಷ್ಟೆ, ಜೀವಕ್ಕೆ ಬೆಲೆ ಕಟ್ಟುವುದಿಲ್ಲ” ಅಂತ ಕಾನೂನು ಬಲ್ಲವರು ಹೇಳುತ್ತಾರೆ. ಮಾತಿನಲ್ಲಿ ಅರ್ಥ ಇಲ್ಲದಿಲ್ಲ. ದೊಡ್ಡ ಸಂಬಳದವನ ಮಕ್ಕಳ ಅನ್ನವೂ ಅನ್ನವೇ, ಅವರ ಮೇಲೆ ನಮಗೆ ಜಗಳವಿಲ್ಲ. ಆದರೆ ಆ ಸಂಬಳ ಕಡಿಮೆಯಾದದ್ದು ಯಾಕೆ ಅನ್ನುವ ಪ್ರಶ್ನೆಯನ್ನು ಈ ಲೆಕ್ಕ ಕೇಳುವುದೇ ಇಲ್ಲ. ಭೂಮಿ ಕೊಡಲಿಲ್ಲ, ಅಕ್ಷರ ತಡವಾಗಿ ಕೊಟ್ಟಿರಿ, ಬೆವರಿಗೆ ಅರ್ಧ ಕೂಲಿ ಕೊಟ್ಟಿರಿ. ಬದುಕಿದ್ದಾಗ ಮಾಡಿದ ಆ ಅನ್ಯಾಯವನ್ನೇ ಸತ್ತ ಮೇಲೆ 17ರಿಂದ ಗುಣಿಸಿ, ಇದು ನ್ಯಾಯ ಅಂತ ಮುದ್ರೆ ಒತ್ತುತ್ತೀರಿ. ಇದೆಂಥ ಲೆಕ್ಕ ಸ್ವಾಮಿ?

ಈ ಲೆಕ್ಕವನ್ನು ಮುರಿಯುವ ಅವಕಾಶವೊಂದು ನಮ್ಮ ಜಿಲ್ಲೆಯ ದುರಂತದಿಂದಲೇ ಹುಟ್ಟಿತ್ತು. 2010ರ ಮೇ 22ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜಪೆಯಲ್ಲಿ ರನ್‌ವೇ ಮೀರಿ ಕಣಿವೆಗೆ ಬಿತ್ತು. 158 ಜನ ಸತ್ತರು, 8 ಜನ ಉಳಿದರು. ಹೊಟ್ಟೆಪಾಡಿಗೆ ಕೊಲ್ಲಿಗೆ ಹೋದ ದಕ್ಷಿಣ ಕನ್ನಡ, ಕಾಸರಗೋಡಿನ ದುಡಿಯುವ ಮಕ್ಕಳು ಅದರಲ್ಲಿದ್ದರು. ಕಾಸರಗೋಡು ಕಡೆಯ ತರುಣನೊಬ್ಬನ ತಂದೆತಾಯಿ ಕೇರಳ ಹೈಕೋರ್ಟಿಗೆ ಹೋದರು. ಮಾಂಟ್ರಿಯಲ್ ಒಪ್ಪಂದದಲ್ಲಿ, ಕಂಪೆನಿಯ ತಪ್ಪನ್ನು ಸಾಬೀತು ಮಾಡದೆಯೂ ಪಡೆಯಬಹುದಾದ ಪರಿಹಾರಕ್ಕೆ ಒಂದು ಲಕ್ಷ ಎಸ್‌ಡಿಆರ್‌ನ ಗೆರೆ ಆಗ ಇತ್ತು. ಎಸ್‌ಡಿಆರ್ ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ನಾಣ್ಯ. ಆಗಿನ ಬೆಲೆಯಲ್ಲಿ ಅದು ಸುಮಾರು 75 ಲಕ್ಷ ರೂಪಾಯಿ. 2011ರ ಜುಲೈಯಲ್ಲಿ ಏಕಸದಸ್ಯ ಪೀಠ ಆ ಮೊತ್ತವನ್ನು ಕೊಡಲೇಬೇಕು ಅಂದಿತು. ಕಂಪೆನಿ ಮೇಲ್ಮನವಿ ಹಾಕಿತು. ಆಗಸ್ಟ್‌ನಲ್ಲಿ ವಿಭಾಗೀಯ ಪೀಠ ಅದನ್ನು ಹೊಡೆದುಹಾಕಿ, ಅದು ಕನಿಷ್ಠ ಮೊತ್ತವಲ್ಲ, ಆದ ನಷ್ಟವನ್ನು ತೋರಿಸಿ ಪಡೆಯಬೇಕು ಅಂದಿತು.

ಒಂದೇ ಒಪ್ಪಂದ, ಅವೇ ಶಬ್ದಗಳು, ಎರಡು ಓದು. ಒಂದು ಓದು ಗೆರೆಯನ್ನು ಬಡವನ ಕಾಲಡಿಯ ನೆಲ ಅಂತ ಕಂಡಿತು. ಇನ್ನೊಂದು ಅದನ್ನು ತಲೆ ಮೇಲಿನ ಸೂರು ಅಂತ ಕಂಡಿತು. ಸೂರು ಅಂದ ಕೂಡಲೇ ಮತ್ತೆ ಅದೇ ಪ್ರಶ್ನೆ: ಸಂಬಳ ಎಷ್ಟು? 2020ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಇದೇ ದುರಂತದಲ್ಲಿ ಸತ್ತ ಕಂಪೆನಿ ಅಧಿಕಾರಿಯೊಬ್ಬರ ಕುಟುಂಬಕ್ಕೆ 7.64 ಕೋಟಿ ಕೊಡಿಸಿತು. ಆ ಕುಟುಂಬವೂ 10 ವರ್ಷ ಕಾದಿತ್ತು. ಅವರಿಗೆ ಸಿಕ್ಕಿದ್ದು ತಪ್ಪಲ್ಲ. ಆದರೆ ಒಂದೇ ಬೆಂಕಿಯಲ್ಲಿ ಬೆಂದವರನ್ನು ಬೇರೆ ಬೇರೆ ಸಾಲಿನಲ್ಲಿ ಕೂರಿಸುವ ಪಂಕ್ತಿಭೇದ ನಮಗೆ ಹೊಸದಲ್ಲ.

ಹಾಗಾದರೆ ಸಮಾನ ಮೊತ್ತ ಎಲ್ಲೂ ಇಲ್ಲವೇ? ಇದೆ. 2023ರ ಫೆಬ್ರವರಿಯಲ್ಲಿ ಇದೇ ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ ಹಾಲಿನ ಸೊಸೈಟಿಗೆ ಹೊರಟ ಯುವತಿಯೂ, ಅವಳ ಕೂಗು ಕೇಳಿ ಓಡಿಬಂದ ನೆರೆಯವರೂ ಆನೆಗೆ ಬಲಿಯಾದರು. ಇಬ್ಬರ ಮನೆಗೂ ತಲಾ 15 ಲಕ್ಷ ಘೋಷಣೆಯಾಯಿತು. ಅಲ್ಲಿ ಯಾರೂ ಸಂಬಳ ಕೇಳಲಿಲ್ಲ. ಆದರೆ ಸರ್ಕಾರಿ ಕಾಗದದಲ್ಲಿ ಅದರ ಹೆಸರು ‘ದಯಾತ್ಮಕ ಧನ’. ದಯೆಯಾದಾಗ ಎಲ್ಲರೂ ಸಮ, ಹಕ್ಕು ಅಂದ ಕೂಡಲೇ ಮೇಲು ಕೀಳು! ಲಾರಿ ಸಾವಿಗೂ ತಪ್ಪು ಯಾರದೆಂದು ಕೇಳದೆ ಕೊಡುವ 5 ಲಕ್ಷ ಕಾನೂನಿನಲ್ಲಿದೆ. ಅದು ಹಕ್ಕೇ ಹೌದು, ಆದರೆ ಒಂದು ಸಂಸಾರ ಅದರಲ್ಲಿ ಎಷ್ಟು ದಿನ ಉಣ್ಣಬಹುದು?

ಹಕ್ಕೂ ಆಗಿ ಸಮಾನವೂ ಆಗಿ ಪರಿಹಾರ ಸಿಗುವುದು ಸಾಧ್ಯ ಅಂತ ತೋರಿಸಿಕೊಟ್ಟವರು ಮಲದ ಗುಂಡಿಗೆ ಇಳಿದು ಸತ್ತವರ ಮನೆಯವರು. ಸಫಾಯಿ ಕರ್ಮಚಾರಿ ಆಂದೋಲನದ ಹೋರಾಟದಿಂದ 2014ರಲ್ಲಿ ಸುಪ್ರೀಂ ಕೋರ್ಟು, 1993ರಿಂದೀಚೆಗೆ ಹಾಗೆ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೂ 10 ಲಕ್ಷ ಅಂದಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಅಲ್ಲಿ ಗುಣಕವಿಲ್ಲ, ಚೀಟಿಯಿಲ್ಲ. ಆ ಸಾವು ಸಮಾಜದ ಅಪರಾಧ ಅಂತ ಕೋರ್ಟು ಒಪ್ಪಿತು. ಅಪರಾಧ ಸಮಾಜದ್ದು ಅಂತಾದರೆ ಸತ್ತವನ ಸಂಬಳ ಕೇಳುವ ಮುಖ ಯಾರಿಗೂ ಉಳಿಯುವುದಿಲ್ಲ.

ರಾಜಕೀಯದಲ್ಲಿ ಒಬ್ಬನಿಗೊಂದು ಮತ, ಆ ಮತಕ್ಕೊಂದೇ ಬೆಲೆ; ಸಾಮಾಜಿಕ, ಆರ್ಥಿಕ ಬದುಕಿನಲ್ಲಿ ಮಾತ್ರ ಮನುಷ್ಯನಿಗೆ ಆ ಸಮಾನ ಬೆಲೆಯನ್ನು ಅಲ್ಲಗಳೆಯುತ್ತಲೇ ಇರುತ್ತೇವೆ ಅಂತ ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು. ಆ ವಿರೋಧಾಭಾಸ ಇವತ್ತು ಪರಿಹಾರದ ತೀರ್ಪುಗಳಲ್ಲಿ ಅಂಕಿಗಳಾಗಿ ಕೂತಿದೆ.

ಎಲ್ಲ ಸಾವಿಗೂ ಘನತೆಯ ಒಂದು ಕನಿಷ್ಠ ಮೊತ್ತ ಹಕ್ಕಾಗಿ ಬರಬೇಕು, ನಷ್ಟದ ಲೆಕ್ಕ ಅದರ ಮೇಲೆ ಶುರುವಾಗಲಿ. ಇದು ನಮ್ಮ ಬೇಡಿಕೆಯಾಗಬೇಕು. ಅಲ್ಲಿಯವರೆಗೆ ಹಳ್ಳಿಯ ಮೇಷ್ಟರು, ವಿದ್ಯಾರ್ಥಿಗಳು ಮಾಡುವ ಕೆಲಸ ಬಹಳ ಇದೆ. ಎಫ್‌ಐಆರ್, ಮಹಜರು, ಶವಪರೀಕ್ಷೆ ವರದಿಯ ಪ್ರತಿ ತೆಗೆಸಿ. ಬೀಡಿ ಪಾಸ್‌ಬುಕ್, ಹಾಲಿನ ಸೊಸೈಟಿಯ ಪುಸ್ತಕ, ಉದ್ಯೋಗ ಖಾತ್ರಿ ಕಾರ್ಡು, ಬ್ಯಾಂಕ್ ಪಾಸ್‌ಬುಕ್, ಏನಿದೆಯೋ ಎಲ್ಲ ಕೂಡಿಡಿ, ಅವೇ ಕೂಲಿಯವನ ಸಂಬಳದ ಚೀಟಿ. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ತಿದ್ದುಪಡಿ ಅರ್ಜಿಗೆ 6 ತಿಂಗಳ ಗಡುವು ತಂದಿದೆ, ತಿಥಿ ಮುಗಿಯಲಿ ಅಂತ ಕಾಯುತ್ತ ಕೂರಬೇಡಿ. ವಕೀಲರ ಫೀಸಿಗೆ ದುಡ್ಡಿಲ್ಲದವರಿಗೆ ಕಾನೂನು ಸೇವೆಗಳ ಪ್ರಾಧಿಕಾರವಿದೆ, ಅಲ್ಲಿಗೆ ಕರಕೊಂಡು ಹೋಗಿ. ತೀರ್ಪು ಬಂದ ಮೇಲೆ ಅದನ್ನು ಆ ತಾಯಿಗೆ ಕನ್ನಡದಲ್ಲಿ ಓದಿ ಹೇಳಿ. ತನ್ನ ಮಗನಿಗೆ ಎಷ್ಟು ಹಾಕಿದರು, ಯಾಕೆ ಅಷ್ಟೇ ಹಾಕಿದರು ಅಂತ ಅವಳು ಕೇಳಲಿ.