ಮೆಡೋಸ್ ಟೇಲರನ ಆತ್ಮಕಥೆ: ಪ್ರಶಸ್ತಿ ಯಾವುದು, ದತ್ತಿ ಯಾವುದು?

ಕಳೆದ ತಿಂಗಳು ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕಗಳ ರಾಶಿಯಲ್ಲಿ ಮೆಡೋಸ್ ಟೇಲರನ ‘ಸ್ಟೋರಿ ಆಫ್ ಮೈ ಲೈಫ್’ ಸಿಕ್ಕಿತು. ಮೂಲ ಮುದ್ರಣ ಅಲ್ಲ, ಮರುಮುದ್ರಣ. ಬೆನ್ನು ಬಿಚ್ಚಿಹೋಗಿದೆ. ಹಿಂದೆ ಓದಿದವರು ಯಾರೋ ಪೆನ್ಸಿಲಿನಲ್ಲಿ ಗುರುತು ಹಾಕಿದ್ದಾರೆ. ಸುರಪುರದ ರಾಜನ ಜಾತಕದ ಪ್ರಸಂಗ ಬರುವಲ್ಲಿ ಅಂಚಿನಲ್ಲಿ ‘ಸತ್ಯ’ ಅಂತ ಬರೆದು ಎರಡು ಗೆರೆ ಎಳೆದಿದ್ದಾರೆ. ಕೆರೆ, ರಸ್ತೆ, ಕಂದಾಯದ ಪುಟಗಳಲ್ಲಿ ಮಾತ್ರ ಒಂದು ಚುಕ್ಕೆಯೂ ಇಲ್ಲ. ನನ್ನ ತಕರಾರು ಇರೋದು ಇಲ್ಲೇ.

ಪುಸ್ತಕದ ಹುಟ್ಟನ್ನು ಮೊದಲು ನೋಡೋಣ. ಟೇಲರ್ 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದವನು. ಬ್ರಿಟಿಷ್ ಅಧಿಕಾರಿ ಅಂದರೂ ನೌಕರಿ ಮಾಡಿದ್ದು ಹೈದರಾಬಾದ್ ನಿಜಾಮನ ಸೈನ್ಯದಲ್ಲಿ. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ಅವನ ಕೈಯಲ್ಲಿತ್ತು. ರಾಜ ವೆಂಕಟಪ್ಪ ನಾಯಕ ಆಗ ಇನ್ನೂ ಹುಡುಗ. 1876ರಲ್ಲಿ ಟೇಲರ್ ತೀರಿಕೊಂಡ. ಪುಸ್ತಕ ಬಂದದ್ದು 1877ರಲ್ಲಿ. ಮಗಳು ಅದನ್ನು ಸಂಪಾದಿಸಿದಳು, ಬಂಧು ಹೆನ್ರಿ ರೀವ್ ಮುನ್ನುಡಿ ಬರೆದ. ಅಂದರೆ ನಮ್ಮ ಭಾಷೆಯಲ್ಲಿ ಹೇಳೋದಾದರೆ, ಘಟನೆ ನಡೆದು ಎಷ್ಟೋ ವರ್ಷಗಳ ಮೇಲೆ, ಬೇರೆ ಕೈಗಳ ಮೂಲಕ ಹಾದು ಕಂಡರಿಸಿದ ಪಾಠ ಇದು.

ಇಂಥ ಪಾಠ ಕಲ್ಲಿನ ಮೇಲೆ ಸಿಕ್ಕಿದ್ದರೆ ನಾವು ಏನು ಮಾಡುತ್ತಿದ್ದೆವು? ಪ್ರಶಸ್ತಿ ಭಾಗವನ್ನು ಒಂದು ಕಡೆ ಇಡುತ್ತಿದ್ದೆವು, ದತ್ತಿ ಭಾಗವನ್ನು ಇನ್ನೊಂದು ಕಡೆ. ರಾಜ ಸಮುದ್ರದವರೆಗೆ ಶತ್ರುಗಳನ್ನು ಅಟ್ಟಿದ ಅಂದರೆ ನಗುತ್ತೇವೆ. ಇಷ್ಟು ಮತ್ತರು ಗದ್ದೆ, ಮೂಡಲಿಗೆ ಹಳ್ಳ, ತೆಂಕಲಿಗೆ ನೆಟ್ಟ ಕಲ್ಲು ಅಂದರೆ ಕಿವಿಗೊಡುತ್ತೇವೆ. ಸಾಹೇಬರ ಇಂಗ್ಲಿಷ್ ಗದ್ಯಕ್ಕೆ ಬಂದಾಗ ಮಾತ್ರ ಈ ಅಭ್ಯಾಸ ಮರೆತುಹೋಗುತ್ತದೆ.

ಜಾತಕದ ಕತೆಯನ್ನೇ ತೆಗೆದುಕೊಳ್ಳಿ. ರಾಜ ಇಪ್ಪತ್ತನಾಲ್ಕನೇ ವರ್ಷ ದಾಟುವುದಿಲ್ಲ ಅಂತ ಮೊದಲೇ ಭವಿಷ್ಯ ಹೇಳಿದ್ದರು, ಹಾಗೇ ಆಯಿತು ಅನ್ನುತ್ತಾನೆ ಟೇಲರ್. 1858ರಲ್ಲಿ ಸುರಪುರ ದಂಗೆ ಎದ್ದಿತು, ರಾಜ ಸೆರೆಸಿಕ್ಕ, ಸೆರೆಯಲ್ಲೇ ಗುಂಡಿನಿಂದ ಸತ್ತ. ಭವಿಷ್ಯ ಹೇಳಿದ್ದು ನಡೆದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಸಾವು ಆದ ಮೇಲೆ ಬರೆದ ಭವಿಷ್ಯಕ್ಕೆ ಸಾಕ್ಷ್ಯದ ತೂಕ ಎಷ್ಟು? ಹಳೇ ತೇದಿ ಹೊತ್ತು ಬರುವ ಹೊಸ ಲಿಪಿಯ ತಾಮ್ರಪಟಗಳನ್ನು ಫ್ಲೀಟ್ ಹೇಗೆ ಜರಡಿ ಹಿಡಿದ ಅಂತ ನಮಗೆಲ್ಲ ಗೊತ್ತು. ಟೇಲರನನ್ನು ಕೂಟಶಾಸನದವರ ಸಾಲಿಗೆ ಸೇರಿಸುವುದು ಅನ್ಯಾಯ. ಆದರೂ ಜರಡಿ ಅದೇ ಇರಲಿ. ಇನ್ನೊಂದು ಮಾತು: ಅವನು ‘ಕನ್ಫೆಷನ್ಸ್ ಆಫ್ ಎ ಥಗ್’ ಬರೆದ ಕಾದಂಬರಿಕಾರ. ಕತೆ ಎಲ್ಲಿ ತಿರುಗಬೇಕು ಅಂತ ಬಲ್ಲವನು.

ಇದರಿಂದ ನಷ್ಟ ಆಗಿರೋದು ಇಬ್ಬರಿಗೆ. ರಾಣಿ ಈಶ್ವರಮ್ಮನ ಬಗ್ಗೆ ಟೇಲರ್ ಬರೆದದ್ದು ಬಹಳ ಕಟುವಾಗಿದೆ. ಸಂಸ್ಥಾನದ ಅಧಿಕಾರಕ್ಕಾಗಿ ಅವಳ ಎದುರು ನಿಂತವನೇ ಅವನು. ಇನ್ನು ವೆಂಕಟಪ್ಪ ನಾಯಕ ತನ್ನನ್ನು ‘ಅಪ್ಪಾ’ ಅಂತ ಕರೆಯುತ್ತಿದ್ದ ಅನ್ನುತ್ತಾನೆ. ದಾರಿ ತಪ್ಪಿದ ಮಗನ ಹಾಗೆ ಚಿತ್ರಿಸುತ್ತಾನೆ. ಪ್ರೀತಿ ಸುಳ್ಳಲ್ಲ ಅಂತ ಓದುವಾಗ ಅನ್ನಿಸುತ್ತದೆ. ಆದರೆ ಅಪ್ಪನ ಮಾತೊಂದನ್ನೇ ಕೇಳಿ ಮಗ ಯಾಕೆ ತಿರುಗಿಬಿದ್ದ ಅಂತ ತೀರ್ಮಾನಿಸಲಿಕ್ಕೆ ಆಗುತ್ತದಾ?

ಹಾಗಂತ ಪುಸ್ತಕವನ್ನು ಮೂಲೆಗೆ ಎಸೆಯಬೇಡಿ. ದತ್ತಿ ಭಾಗಕ್ಕೆ ಬನ್ನಿ. ಟೇಲರ್ ಎಂಜಿನಿಯರಿಂಗ್ ಶಾಲೆಯಲ್ಲಿ ಕಲಿತವನಲ್ಲ. ಮೋಜಣಿ, ಕಾನೂನು, ಭೂವಿಜ್ಞಾನ ಎಲ್ಲ ನೌಕರಿ ಮಾಡುತ್ತಲೇ ಕಲಿತ. ಶಾಸನಗಳನ್ನು ಹಾಗೇ ಕಲಿತ ನನಗೆ ಈ ಭಾಗ ಓದುವಾಗ ಹೊಟ್ಟೆಕಿಚ್ಚು ಬಂತು. ಬೋನಾಳದ ಹಳೇ ಕೆರೆಯನ್ನು ಅವನು ಮತ್ತೆ ಕಟ್ಟಿಸಿದ. ಆ ಕೆರೆ ಈಗಲೂ ಇದೆ, ಪಕ್ಷಿಧಾಮ ಅಂತ ಹೆಸರಾಗಿದೆ. ಸುರಪುರದಲ್ಲಿ ಅವನ ಬಂಗಲೆಯೂ ನಿಂತಿದೆ. ಇವು ಹೋಗಿ ನೋಡಿ, ಅಳೆದು, ಪರೀಕ್ಷಿಸಬಹುದಾದ ಸಂಗತಿಗಳು.

ಈ ಜರಡಿ ಕೆಲಸ ಮಾಡುತ್ತದೆ ಅನ್ನೋದಕ್ಕೆ ಟೇಲರನೇ ಪುರಾವೆ. ಜೇವರ್ಗಿ, ರಾಜನಕೋಳೂರು ಕಡೆಯ ಶಿಲಾಸಮಾಧಿಗಳನ್ನು ಅಗೆದು ಅವನು ಬೇರೆ ಲೇಖನಗಳನ್ನು ಬರೆದ. ಅವು ಕೆಲ್ಟ್ ಅಥವಾ ಸಿಥಿಯನ್ ಜನರವು ಅಂತ ವಾದಿಸಿದ. ಆ ವಾದ ಬಿದ್ದುಹೋಯಿತು. ಆದರೆ ಗೋರಿಯೊಳಗೆ ಯಾವ ಪದರದಲ್ಲಿ ಮೂಳೆ, ಯಾವುದರಲ್ಲಿ ಮಡಕೆ ಅಂತ ಬರೆದ ಛೇದಚಿತ್ರಗಳು ಉಳಿದವು. 1947ರಲ್ಲಿ ಬ್ರಹ್ಮಗಿರಿಯಲ್ಲಿ ಉತ್ಖನನ ಮಾಡಿದ ಮಾರ್ಟಿಮರ್ ವೀಲರ್ ಕೂಡ ಅವನ್ನು ಮೆಚ್ಚಿಕೊಂಡ. ಅಳೆದದ್ದು ಉಳಿಯಿತು, ಊಹಿಸಿದ್ದು ಹೋಯಿತು. ಆತ್ಮಕಥೆಯನ್ನೂ ಹಾಗೇ ಓದಬೇಕು.

ಸುರಪುರದ ಇತಿಹಾಸ ಬರೆಯುವವರಲ್ಲಿ ನನ್ನ ವಿನಂತಿ: ಟೇಲರನನ್ನು ಉಲ್ಲೇಖಿಸುವಾಗ ಅವನು ಕಣ್ಣಾರೆ ಕಂಡದ್ದು ಯಾವುದು, ಕೇಳಿದ್ದು ಯಾವುದು, ಆಮೇಲೆ ನೆನೆದದ್ದು ಯಾವುದು ಅಂತ ಬೇರೆ ಬೇರೆ ಹೇಳಿ. ಆ ಕಡೆಯ ಓದುಗರು ನಾಯಕರ ಕಾಲದ ಸನದು, ಕಡತ, ಕೆರೆ ಏರಿಯ ಕಲ್ಲುಬರಹ ಏನಾದರೂ ಕಂಡರೆ ಫೋಟೋ ತೆಗೆಯಿರಿ, ಪಕ್ಕದಲ್ಲಿ ಒಂದು ಸ್ಕೇಲ್ ಇಡೋದು ಮರೆಯಬೇಡಿ. ರಾಣಿಯ ಕಡೆಯ ಒಂದು ಸಾಲು ಸಿಕ್ಕರೂ ಈ ಪುಸ್ತಕವನ್ನು ಮತ್ತೆ ಮೊದಲಿನಿಂದ ಓದಬೇಕಾಗುತ್ತದೆ.