ಊರಿದ್ದೂ ಊರಿಲ್ಲದವನು

ಹಿಟ್ಲರನ ಕಾಟ ತಾಳಲಾರದೆ ಓಡಿಬಂದ ಯಹೂದಿಗಳಲ್ಲಿ ಕೆಲವರು ಶಾಂಘಾಯಿ ಸೇರಿದರು, ಕೆಲವರು ನಮ್ಮ ಮುಂಬಯಿ ಸೇರಿದರು. ಅನಿತಾ ದೇಸಾಯಿಯವರ ಇಂಗ್ಲಿಷ್ ಕಾದಂಬರಿ ‘ಬೌಮ್‌ಗಾರ್ಟ್ನರ್ಸ್ ಬಾಂಬೆ’ (1988) ಅಂಥವನೊಬ್ಬನ ಕಥೆ. ಲೇಖಕಿಯ ತಾಯಿ ಜರ್ಮನ್, ತಂದೆ ಬಂಗಾಳಿ. ಎರಡೂ ಕಡೆಯನ್ನು ಬಲ್ಲ ಬರವಣಿಗೆ ಇದು.

ಬರ್ಲಿನ್ನಿನ ಹ್ಯೂಗೋ ಮೊದಲು ಕಲಕತ್ತೆಗೆ ಹೋಗುತ್ತಾನೆ. ಯುದ್ಧ ಸುರುವಾದಾಗ ಬ್ರಿಟಿಷ್ ಸರಕಾರದ ಲೆಕ್ಕದಲ್ಲಿ ಅವನು ಯಹೂದಿಯಲ್ಲ, ಬರೀ ಜರ್ಮನ್. ಹಾಗಾಗಿ ನಾಜಿಗಳ ಜೊತೆಯಲ್ಲೇ ಆರು ವರ್ಷ ಶಿಬಿರವಾಸ! ಬರ್ಲಿನ್ನಿನಲ್ಲುಳಿದ ತಾಯಿಯ ಕಾರ್ಡುಗಳು 1941ರಲ್ಲೇ ನಿಂತುಹೋಗುತ್ತವೆ. ಬಿಡುಗಡೆಯ ನಂತರ ಕಲಕತ್ತೆಯ ಕೋಮುಗಲಭೆ ಅವನನ್ನು ಮುಂಬಯಿಗೆ ಅಟ್ಟುತ್ತದೆ.

ಕಾದಂಬರಿಯ ಜೀವಾಳವೆಂದರೆ ವ್ಯಾಪಾರಿ ಚಿಮನ್‌ಲಾಲನೊಡನೆ ಹ್ಯೂಗೋನ ಸ್ನೇಹ. ಮಾತೃಭಾಷೆ ಬೇರೆ, ಧರ್ಮ ಬೇರೆ. ಕೂಡಿಸಿದ್ದು ವ್ಯಾಪಾರ ಮತ್ತು ಕುದುರೆ ಜೂಜು. ಆದರೆ ಚಿಮನ್‌ಲಾಲ ತೀರಿಕೊಂಡೊಡನೆ ಮಗನಿಗೆ ಈ ಮುದುಕ ಯಾರೂ ಅಲ್ಲ. ಒಬ್ಬನ ದಾಕ್ಷಿಣ್ಯದ ಮೇಲೆ ನಿಂತ ಬಾಳು ಅವನೊಡನೆಯೇ ಕುಸಿಯುತ್ತದೆ. ಊರು ಬಿಟ್ಟು ಬಂದ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಕೊನೆಗೆ ಉಳಿಯುವುದು ಕೊಲಾಬಾದ ಹಳೆಯ ಕಟ್ಟಡದ ಕೋಣೆ, ಬೆಕ್ಕುಗಳು, ಅವಕ್ಕಾಗಿ ಕೆಫೆಯಿಂದ ತರುವ ಉಳಿದ ಅನ್ನ. ಕೊಲ್ಲುವವನೂ ತನ್ನದೇ ಭಾಷೆಯ ಜರ್ಮನ್ ತರುಣ.

ಇಷ್ಟು ಒಪ್ಪಿಕೊಂಡ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ. ಹ್ಯೂಗೋನ ಏಕಾಂತವನ್ನು ಗಾಢಗೊಳಿಸಲು ಲೇಖಕಿ ಮುಂಬಯಿಯನ್ನು ತೀರ ಬಡವಾಗಿಸಿದ್ದಾರೆ. ನೆರೆಮನೆಯವರಿಗೆ ಇಲ್ಲಿ ಮಾತೇ ಇಲ್ಲ. ಫುಟ್‌ಪಾತಿನ ಸಂಸಾರವನ್ನು ಅವನು ಹೆದರುತ್ತಲೇ ದಾಟುತ್ತಾನೆ. ನಿಜವಾದ ಮುಂಬಯಿಯಲ್ಲಿ ಬೇರೆಯೂ ನಡೆದಿತ್ತು. 1933ರಲ್ಲಿ ಬಂದ ಯಹೂದಿ ಮೂಲದ ರುಡಾಲ್ಫ್ ಫಾನ್ ಲೇಡನ್ ಪತ್ರಿಕೆಗಳಲ್ಲಿ ಕಲಾವಿಮರ್ಶೆ ಬರೆದರು. ಯಹೂದಿ ಪತ್ನಿಯೊಡನೆ ವಿಯೆನ್ನಾ ಬಿಟ್ಟ ವಾಲ್ಟರ್ ಲ್ಯಾಂಗ್‌ಹ್ಯಾಮರ್ ತಮ್ಮ ಮನೆಯನ್ನು ಇಲ್ಲಿಯ ಎಳೆಯ ಚಿತ್ರಕಾರರಿಗೆ ತೆರೆದಿಟ್ಟರು. ಇಮ್ಯಾನುಯೆಲ್ ಶ್ಲೆಸಿಂಗರ್ ಅವರ ಚಿತ್ರಗಳನ್ನು ಕೊಂಡರು. ಮನೆಗೆಲಸ ಮಾಡುತ್ತಿದ್ದ ಕೆ. ಎಚ್. ಆರಾ, ಎಸ್. ಎಚ್. ರಜಾ ಇವರೆಲ್ಲ ಆ ಬೆಂಬಲ ಕಂಡವರು. 1947ರ ಪ್ರೋಗ್ರೆಸಿವ್ ಕಲಾವಿದರ ಗುಂಪಿಗೆ ಅದು ನೀರೆರೆಯಿತು. ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರೂ ಆಗ ಇದೇ ನಗರದಲ್ಲಿ ಚಿತ್ರ ಬರೆಯುತ್ತಿದ್ದರು.

ಈ ಮೂವರಿಗೆ ಕೈಯಲ್ಲಿ ವಿದ್ಯೆಯಿತ್ತು, ಉದ್ಯೋಗವಿತ್ತು. ಹ್ಯೂಗೋನಿಗೆ ಅದಾವುದೂ ಇರಲಿಲ್ಲ ಎನ್ನಬಹುದು. ನಿಜ. ಆದರೆ ಅವರಿಗೆ ಕೂಡಿ ಕುಳಿತುಕೊಳ್ಳಲು ಒಂದು ಚಾವಡಿಯೂ ಇತ್ತು. ಪರಸ್ಥಳದವನನ್ನು ಊರಿನವನನ್ನಾಗಿ ಮಾಡುವುದು ಇಂಥ ಚಾವಡಿಯೇ. ಕಾದಂಬರಿ ಅದನ್ನು ತೋರಿಸುವುದಿಲ್ಲ; ಅದಿಲ್ಲದವನ ಗತಿಯನ್ನು ಮಾತ್ರ ಮರೆಯಲಾಗದಂತೆ ತೋರಿಸುತ್ತದೆ. ಅದಕ್ಕಾಗಿಯಾದರೂ ನಮ್ಮವರು ಇದನ್ನು ಓದಬೇಕು.