ಹಿಂಗಾರ ಉಂಟು, ಹಾಡು ಎಲ್ಲಿ?

ಅಮೆರಿಕದ ಲಾಂಗ್ ಬೀಚ್ ಎಂಬ ಊರಿನಲ್ಲಿ ಕಾಂಬೋಡಿಯದಿಂದ ಹೋದ ಖ್ಮೇರ್ ಜನ ಬಹಳ ಮಂದಿ ನೆಲೆಸಿದ್ದಾರೆ. ಅವರ ಕುಣಿತ, ಮದುವೆಗಳನ್ನು ನಮ್ಮ ವಾಚನಾಲಯದ ಮಕ್ಕಳು ಫೋನಿನಲ್ಲಿ ತೋರಿಸಿ, ಓದಿ ಹೇಳಿದರು. ನಾನು ಏಳನೇ ಕ್ಲಾಸು ಕಲಿತವಳು, ಅಡಿಕೆ ತೋಟದವಳು. ಮದುವೆ ಮನೆಗಳಲ್ಲಿ ಶೋಭಾನೆ ಹಾಡಿದ ಕಿವಿಯಿಂದ ಹೇಳ್ತೇನೆ: ಅವರು ಕುಣಿತವನ್ನು ಚೆಂದ ಉಳಿಸಿದ್ದಾರೆ, ಮದುವೆಯ ಹಾಡನ್ನು ಅಷ್ಟು ಉಳಿಸಲಿಲ್ಲ.

ಕುಣಿತ ಉಳಿದದ್ದು ಸಣ್ಣ ಸಂಗತಿಯಲ್ಲ. 1975ರಿಂದ 1979ರವರೆಗೆ ಪೋಲ್ ಪಾಟನ ಕಾಲದಲ್ಲಿ ಅರಮನೆ ಕುಣಿತದವರು ಹೆಚ್ಚಿನವರೂ ಸತ್ತರು. ಬದುಕಿದ ಗುರುಗಳು ಮಕ್ಕಳ ಬೆರಳು ಹಿಡಿದು ಬಗ್ಗಿಸಿ ಪುನಃ ಕಲಿಸಿದರು. ಹಾಗೆ ಕಲಿತ ಸೋಫಿಲಿನ್ ಚಿಯಮ್ ಶಾಪಿರೋ 2002ರಲ್ಲಿ ಲಾಂಗ್ ಬೀಚಿನಲ್ಲಿ ಖ್ಮೇರ್ ಆರ್ಟ್ಸ್ ಅಕಾಡೆಮಿ ಕಟ್ಟಿದರು. ಅದಕ್ಕೂ ಮೊದಲೇ ಶೇಕ್ಸ್‌ಪಿಯರನ ಒಥೆಲೊ ಕತೆಯನ್ನು ‘ಸಮ್ರಿತೆಚಾಕ್’ ಎಂದು ಅದೇ ಹಳೆಯ ಮುದ್ರೆಗಳಲ್ಲಿ ಕುಣಿಸಿದ್ದರು. ಪರದೇಶದ ಕತೆ ಎಂತಕ್ಕೆ ಎಂದು ಕೇಳುವವರು ಇರಬಹುದು. ನನಗೆ ಸರಿಯೇ ಕಂಡಿತು. ಕೈಬೆರಳು ಎಲೆಯಾಗಿ, ಹೂವಾಗಿ, ಕಾಯಾಗಿ ತೋರುವ ಆ ಭಾಷೆ ಕೆಡದಿದ್ದರೆ ಕತೆ ಯಾವುದಾದರೇನು? ಹೊಸ ಕತೆ ಹೇಳಲಿಕ್ಕೆ ಆಗುವಷ್ಟು ಜೀವ ಉಂಟಲ್ಲ!

ಇನ್ನು ಮದುವೆ. ಅವರಲ್ಲಿಯೂ ಹಿಂಗಾರ ಬೇಕೇ ಬೇಕು. ಅಡಿಕೆಯ ಆ ಹೂವನ್ನು ಮದುಮಕ್ಕಳ ಮೇಲೆ ಎರಚುತ್ತಾರೆ, ಮಣಿಕಟ್ಟಿಗೆ ಕೆಂಪು ನೂಲು ಕಟ್ಟಿ ಹರಸುತ್ತಾರೆ. ಮದುಮಗ ಮದುಮಗಳ ಸೆರಗು ಹಿಡಿದು ನಡೆಯುತ್ತಾನೆ. ನಾಗಕನ್ನಿಕೆಯ ಹಿಂದೆ ರಾಜಕುಮಾರ ಹೋದ ಕತೆಯ ಗುರುತು ಅದು. ಕೂದಲು ಕತ್ತರಿಸುವ ಶಾಸ್ತ್ರದಲ್ಲಿ ಇಬ್ಬರು ಹಾಡುವವರು ದೇವತೆಗಳ ಹಾಗೆ ಬಂದು ಹಾಡುತ್ತಾ, ತಮಾಷೆ ಮಾಡುತ್ತಾ ಕತ್ತರಿ ಆಡಿಸುತ್ತಾರೆ. ಒಂದೊಂದು ಶಾಸ್ತ್ರಕ್ಕೆ ಒಂದೊಂದು ಹಾಡು.

ಊರಲ್ಲಿ ಮೂರು ದಿನ ಆಗುತ್ತಿದ್ದ ಮದುವೆ ಅಲ್ಲಿ ಒಂದೇ ದಿನದ್ದಾಗಿದೆ. ಅದನ್ನು ನಾನು ದೂರುವುದಿಲ್ಲ. ಕೆಲಸಕ್ಕೆ ಹೋಗುವವರಿಗೆ ರಜೆ ಎಲ್ಲಿಂದ? ನನ್ನ ತಕರಾರು ಬೇರೆ. ದಿನ ಕಡಿಮೆಯಾದರೂ ಉಡುಪು ಬದಲಾಯಿಸುವುದು ಕಡಿಮೆಯಾಗಲಿಲ್ಲ. ಹಾಡುವವರ ಜಾಗದಲ್ಲಿ ಮಾತ್ರ ಕೆಲವು ಕಡೆ ರೆಕಾರ್ಡು ಬಂದು ಕೂತಿದೆ. ರೆಕಾರ್ಡಿಗೆ ಮದುಮಗಳ ಹೆಸರು ಗೊತ್ತುಂಟಾ? ಅವಳ ತಾಯಿಯ ಕಣ್ಣು ತುಂಬಿದ್ದು ಕಂಡು ಒಂದು ಸಾಲು ನಿಲ್ಲಿಸಲಿಕ್ಕೆ ಅದಕ್ಕೆ ಬರ್ತದಾ? ಹಾಡು ಹೋದರೆ ಶಾಸ್ತ್ರ ಫೋಟೋಕ್ಕೆ ನಿಂತ ಹಾಗೆ.

ಕುಣಿತಕ್ಕೆ ಶಾಲೆ ಸಿಕ್ಕಿತು, ಗುರು ಸಿಕ್ಕಿದರು, ವೇದಿಕೆ ಸಿಕ್ಕಿತು. ಮದುವೆ ಹಾಡಿಗೂ ಅದೇ ಗೌರವ ಬೇಕು. ಕುಣಿತ ಕಲಿಯುವ ಮಕ್ಕಳನ್ನೇ ಹಾಡುವ ಹಿರಿಯರ ಹತ್ತಿರ ಕೂರಿಸಿ, ಮದುವೆಗೆ ಕರೆದುಕೊಂಡು ಹೋಗಿ, ಬಾಯಿ ತೆರೆಸಬೇಕು.

ಈ ಮಾತು ನಮ್ಮ ಕಾಸರಗೋಡಿಗೂ ಸಲ್ಲುತ್ತದೆ. ಇಲ್ಲಿಯೂ ಹಾಲಿನಲ್ಲಿ ಮೈಕು ಉಂಟು, ಶೋಭಾನೆಗೆ ಹೊತ್ತಿಲ್ಲ. ಕಲಿಯುವ ಹುಡುಗಿಯರು ಬಂದರೆ ನನ್ನ ಮನೆಯ ಜಗಲಿ ಖಾಲಿ ಉಂಟು.